300 ಕುದುರೆ ಬೇಕಾ, ಇಪ್ಪತ್ತು ಸುತ್ತು ಬೇಕಾ?

ಪ್ರಶ್ನೆ: ನಾನು ಉಡುಪಿಯವನು, ವಯಸ್ಸು 34, ಕೆಲಸ ಮಣಿಪಾಲದಲ್ಲಿ. ಕಳೆದ ವರ್ಷ ಗೆಳೆಯನ ಜೊತೆ ಕೊಯಮತ್ತೂರಿಗೆ ಹೋಗಿ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ನಮ್ಮ ಕಾರು ನಾವೇ ಓಡಿಸುವ ದಿನ) ನೋಡಿ ಬಂದೆ. ಅಂದಿನಿಂದ ಹುಚ್ಚು ಹಿಡಿದಿದೆ. ವರ್ಷಕ್ಕೆ ಐದಾರು ಸಲ ಟ್ರ್ಯಾಕಿಗೆ ಹೋಗಬೇಕು, ಉಳಿದ ದಿನ ಅದೇ ಕಾರಿನಲ್ಲಿ ಆಫೀಸಿಗೂ ಹೋಗಬೇಕು. 25 ಲಕ್ಷ ಇಟ್ಟುಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಒಂದು ನೋಡಿದ್ದೇನೆ. ಹನ್ನೆರಡು ವರ್ಷ ಹಳೆಯ, ಬರೀ 28,000 ಕಿ.ಮೀ. ಓಡಿದ, 300 ಕುದುರೆ ಶಕ್ತಿಯ ಜರ್ಮನ್ ಎರಡು ಬಾಗಿಲಿನ ಕಾರು ಇನ್ನೊಂದು. ಅದಿಲ್ಲದಿದ್ದರೆ ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ 1.5. ಜಪಾನಿನ ಕಾರನ್ನು ಮಾತ್ರ ನಂಬಬಹುದು, ಟರ್ಬೊ ಟ್ರ್ಯಾಕಿಗೆ ಆಗುವುದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಎರಡೇ ದಿನದಲ್ಲಿ ಗಾಡಿ ಗುಜರಿಗೆ ಅಂತ ಅಪ್ಪ ಹೇಳುತ್ತಾರೆ. ಮನೆ ಮಲ್ಪೆ ಹತ್ತಿರ, ಸಮುದ್ರಕ್ಕೆ ಒಂದು ಕಿ.ಮೀ. ಈಗ ನನ್ನ ಹತ್ತಿರ 2019ರ ಪೆಟ್ರೋಲ್ ಸ್ವಿಫ್ಟ್ ಇದೆ. ಯಾವ ಕಾರು ತೆಗೆದುಕೊಳ್ಳಲಿ? ಓಡಿಸಿಕೊಂಡು ಹೋಗಿ, ಓಡಿಸಿಕೊಂಡೇ ವಾಪಸ್ ಬರಬಹುದಾ?

ಉತ್ತರ: ಮೂರು ಕಾರಿನ ಹೆಸರು ಬರೆದಿದ್ದೀರಿ. ಆದರೆ ನಿಮ್ಮ ನಿಜವಾದ ಚಿಂತೆ ಇರುವುದು ಕೊನೆಯ ಸಾಲಿನಲ್ಲಿ. ವಾಪಸ್ ಬರಬಹುದಾ? ಅಲ್ಲಿಂದಲೇ ಶುರು ಮಾಡೋಣ. ಬೈಕಂಪಾಡಿಯ ನಮ್ಮ ಗ್ಯಾರೇಜಿಗೆ ಟ್ರ್ಯಾಕ್ ಹುಚ್ಚಿನವರು ಬಂದರೆ ನಾನು ಮೊದಲು ಕೇಳುವುದೂ ಅದನ್ನೇ. ಎಷ್ಟು ವೇಗ ಹೋಗಬೇಕು ಅಂತ ಕೇಳುವುದಿಲ್ಲ, ಹೇಗೆ ವಾಪಸ್ ಬರುತ್ತೀರಿ ಅಂತ ಕೇಳುತ್ತೇನೆ.

ನಮ್ಮ ಕರಾವಳಿಯಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಹತ್ತಿರದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಕಣ್ಣೂರು, ಕೋಝಿಕ್ಕೋಡ್, ಪಾಲಕ್ಕಾಡ್ ದಾಟಿ ಹೋದರೆ ಮಂಗಳೂರಿನಿಂದಲೇ 400 ಕಿ.ಮೀ. ಮೇಲಾಗುತ್ತದೆ, ಉಡುಪಿಯಿಂದ ಇನ್ನೂ ಒಂದು ಗಂಟೆ ದಾರಿ ಜಾಸ್ತಿ. ಇನ್ನೊಂದು ಚೆನ್ನೈ ಹೊರಗೆ ಇರುಂಗಾಟುಕೋಟೈಯಲ್ಲಿ ಇದೆ. ಮೊದಲು ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಅನ್ನುತ್ತಿದ್ದರು, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಶಿರಾಡಿ ಹತ್ತಿ, ಬೆಂಗಳೂರು ದಾಟಿ ಹೋಗಬೇಕು, 650 ಕಿ.ಮೀ. ಆಸುಪಾಸು. ಟ್ರ್ಯಾಕಿನ ಪಕ್ಕದಲ್ಲೇ ಮನೆ ಇರುವವನ ಕಾರು ಕೆಟ್ಟರೆ ಸಂಜೆ ಎಳೆದುಕೊಂಡು ಹೋಗುತ್ತಾನೆ. ನಿಮ್ಮದು ಕೆಟ್ಟರೆ ಎರಡು ರಾಜ್ಯ ದಾಟಿಸಿ ತರಬೇಕು. ಹಾಗಾಗಿ 'ಕೆಡದ ಕಾರು' ಅನ್ನುವ ಮಾತಿಗೆ ನಮ್ಮ ಕಡೆ ಬೆಲೆ ಸ್ವಲ್ಪ ಜಾಸ್ತಿ.

ಈ ಕೆಡದ ಕಾರು ಅಂದರೆ ಯಾವುದು? ಜಪಾನಿನದಾ, ಜರ್ಮನಿಯದಾ? ಟ್ರ್ಯಾಕಿನಲ್ಲಿ ಕಾರನ್ನು ಕೆಡಿಸುವುದು ಬಿಸಿ. ಬ್ರೇಕಿನ ಬಿಸಿ, ಆಯಿಲಿನ ಬಿಸಿ, ಗೇರ್ ಬಾಕ್ಸಿನ ಬಿಸಿ. ಆ ಬಿಸಿಯನ್ನು ಹೊರಗೆ ಹಾಕುವ ವ್ಯವಸ್ಥೆ ಇರುವ ಕಾರು ಉಳಿಯುತ್ತದೆ. ಇಲ್ಲದ್ದು ಯಾವ ದೇಶದ್ದಾದರೂ ನಿಲ್ಲುತ್ತದೆ. ರಸ್ತೆಯಲ್ಲಿ ಹತ್ತು ವರ್ಷ ಒಂದೇ ಒಂದು ದೂರಿಲ್ಲದೆ ಓಡಿದ ಗಾಡಿ ಟ್ರ್ಯಾಕಿನಲ್ಲಿ ಹತ್ತು ನಿಮಿಷಕ್ಕೆ ಸುಸ್ತಾಗಬಹುದು. ಅದು ಆ ಗಾಡಿಯ ದೋಷ ಅಲ್ಲ. ಅದನ್ನು ಅದಕ್ಕಾಗಿ ಮಾಡಿಯೇ ಇಲ್ಲ.

ಸ್ವಲ್ಪ ಲೆಕ್ಕ ಹಾಕೋಣ. 1,200 ಕೆ.ಜಿ. ತೂಕದ ಕಾರು 160 ಕಿ.ಮೀ. ವೇಗದಿಂದ 80ಕ್ಕೆ ಇಳಿಯಬೇಕು ಅಂದುಕೊಳ್ಳಿ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮೂರು ಸೆಕೆಂಡ್ ಕೂಡ ಬೇಡ. ಅಷ್ಟರಲ್ಲಿ ಬ್ರೇಕಿಗೆ ಇಳಿಯುವ ಬಿಸಿ ಎಷ್ಟು ಗೊತ್ತಾ? ನಲ್ಲಿಯಿಂದ ಹಿಡಿದ ಮೂರು ಲೀಟರ್ ನೀರು ಕುದಿ ಬರುವಷ್ಟು. ಇದು ಒಂದು ತಿರುವಿಗೆ. ಡಿಸ್ಕ್ ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಹದಿನೈದಿಪ್ಪತ್ತು ನಿಮಿಷದ ಸೆಷನ್ ಪೂರ್ತಿ ಇದೇ ಕತೆ.

"ಆಗುಂಬೆ ಘಾಟಿ ಎಷ್ಟು ಸಲ ಇಳಿಸಿದ್ದೇನೆ, ಬ್ರೇಕಿಗೆ ಏನೂ ಆಗಿಲ್ಲ" ಅಂತ ಹೇಳುವವರು ನಮ್ಮಲ್ಲಿ ಸುಮಾರು ಜನ ಇದ್ದಾರೆ. ಘಾಟಿಯಲ್ಲಿ ನೀವು 40ರಿಂದ 20ಕ್ಕೆ ಇಳಿಸುತ್ತೀರಿ. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆ ಲೆಕ್ಕದಲ್ಲಿ ನೋಡಿದರೆ ಟ್ರ್ಯಾಕಿನ ಒಂದು ಬ್ರೇಕಿಂಗ್ ಎಂದರೆ ಘಾಟಿ ತಿರುವಿನ ಹದಿನಾರು ಪಟ್ಟು. ಆಗುಂಬೆಯಲ್ಲಿ ಇರುವುದೇ 14 ಹೇರ್‌ಪಿನ್, ಮಾರಾಯ್ರೆ.

ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಗಿರಾಕಿಯೊಬ್ಬರ ಜೊತೆ ಕೊಯಮತ್ತೂರಿಗೆ ಹೋಗಿದ್ದೆ. ದೊಡ್ಡ ಸೆಡಾನ್, ಭಾರದ ಗಾಡಿ. ಟೈರ್ ಹೊಸತು, ಪ್ಯಾಡ್ ಹೊಸತು. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿದೆ. "ಸರ್ವಿಸ್‌ನಲ್ಲಿ ಎಲ್ಲ ಮಾಡಿದ್ದಾರೆ" ಅಂದರು. ನಾನೂ ಸುಮ್ನೆ ಆದೆ, ಅದು ನನ್ನ ತಪ್ಪು. ಐದನೇ ಸುತ್ತಿಗೆ ಪೆಡಲ್ ನೆಲ ಮುಟ್ಟಿತು. ತಿರುವಿನಲ್ಲಿ ನೇರ ಹೊರಗೆ ಹೋಗಿ ಜಲ್ಲಿಯಲ್ಲಿ ನಿಂತಿತು. ಬಂಪರ್ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ತಮಾಷೆ ಏನೆಂದರೆ, ಅರ್ಧ ಗಂಟೆ ಬಿಟ್ಟು ನಾನು ಕೂತು ತುಳಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ನಿಪ್ಪಲ್ ಬಿಚ್ಚಿ ಬಾಟಲಿಗೆ ಹಿಡಿದೆ. ಬಂದದ್ದು ಕಷಾಯದ ಬಣ್ಣದ ಆಯಿಲ್.

ಆಗಿದ್ದು ಇಷ್ಟೇ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೂರಕ್ಕೆ ಮೂರೂಮುಕ್ಕಾಲು ಭಾಗದಷ್ಟು ನೀರು ಸೇರಿತು ಅಂದರೆ 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಒಳಗೆ ಆವಿಯ ಗುಳ್ಳೆ. ಗುಳ್ಳೆ ಒತ್ತಿದರೆ ಬಗ್ಗುತ್ತದೆ, ಪ್ಯಾಡ್ ಒತ್ತುವುದಿಲ್ಲ. ಆರಿದ ಮೇಲೆ ಆವಿ ಮತ್ತೆ ನೀರಾಗುತ್ತದೆ, ಪೆಡಲ್ ಮತ್ತೆ ಗಟ್ಟಿ. ನಮ್ಮ ಊರಿನ ಹವೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುತ್ತದೆ. ಬ್ರೇಕ್ ಆಯಿಲಿಗೆ ಮಾತ್ರ ರಿಯಾಯಿತಿ ಇಲ್ಲ. ಎರಡು ವರ್ಷಕ್ಕೊಮ್ಮೆ ಅನ್ನುವ ಕಂಪನಿ ಲೆಕ್ಕ ರಸ್ತೆಗೆ ಸರಿ. ಟ್ರ್ಯಾಕಿಗೆ ಹೋಗುವವರು ಪ್ರತಿ ಸಲ ಹೋಗುವ ಮೊದಲು ಬದಲಿಸಿ ಅಂತ ನಾನು ಹೇಳುವುದು. ಒಂದು ಲೀಟರ್ ಆಯಿಲ್ ಮತ್ತು ಒಂದು ಗಂಟೆ ಕೆಲಸ, ಅಷ್ಟೇ ಖರ್ಚು.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ.

ಜಪಾನಿನ ಕಾರು ಕೆಡುವುದೇ ಇಲ್ಲ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಹೊರದೇಶದಲ್ಲಿ ಟ್ರ್ಯಾಕ್ ಡೇಗೆ ನಂಬಿಕೆಯ ಕಾರು ಯಾವುದು ಅಂದರೆ ಮೊದಲು ಬರುವ ಹೆಸರು ಮಾಜ್ದಾ ಎಂಎಕ್ಸ್-5. 1989ರಿಂದ ಬರುತ್ತಿದೆ, ಎರಡು ಸೀಟು, ತೂಕ ಸುಮಾರು ಒಂದು ಟನ್. ಅದು ಉಳಿಯುವುದು ಹಗುರ ಇರುವುದರಿಂದ. ಜಪಾನಿನ ಮುದ್ರೆಯಿಂದಲ್ಲ. ಅದೇ ಜಪಾನಿನ ಟೊಯೋಟಾ ಜಿಆರ್86ರಲ್ಲಿ ಉದ್ದದ ಬಲ ತಿರುವುಗಳಲ್ಲಿ ಆಯಿಲ್ ಪ್ರೆಶರ್ ಇಳಿಯುತ್ತದೆ ಅಂತ ಟ್ರ್ಯಾಕಿಗೆ ಹೋಗುವ ಮಾಲೀಕರೇ ತಲೆ ಕೆಡಿಸಿಕೊಂಡಿದ್ದಾರೆ. ಇವೆರಡೂ ನಮ್ಮಲ್ಲಿ ಶೋರೂಮಿಗೆ ಬಂದ ಕಾರುಗಳಲ್ಲ, ಆ ಮಾತು ಬೇರೆ.

ಆಯಿಲ್ ಪ್ರೆಶರ್ ಏಕೆ ಇಳಿಯುತ್ತದೆ? ಚೊಂಬಿನಲ್ಲಿ ಅರ್ಧ ನೀರು ಹಿಡಿದು ಬೇಗ ಪಕ್ಕಕ್ಕೆ ಎಳೆದು ನೋಡಿ. ನೀರು ಒಂದು ಬದಿಗೆ ಏರುತ್ತದೆ. ಎಂಜಿನ್ ಅಡಿಯ ಆಯಿಲ್ ಸಂಪ್‌ನಲ್ಲೂ ಹಾಗೆಯೇ. ಉದ್ದದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು, ಹೀರುವ ಪೈಪಿಗೆ ಗಾಳಿ ಸಿಗುತ್ತದೆ. ಬೇರಿಂಗಿಗೆ ಅರ್ಧ ಸೆಕೆಂಡ್ ಆಯಿಲ್ ಇಲ್ಲದಿದ್ದರೂ ಸಾಕು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಒಳ್ಳೆ ಗ್ರಿಪ್ ಇರುವ ಟೈರ್ ಹಾಕಿದಷ್ಟೂ ಈ ತೊಂದರೆ ಜಾಸ್ತಿ. ಸಾದಾ ಟೈರ್ ಕಿರುಚುತ್ತದೆ, ಜಾರುತ್ತದೆ, ಕಾರು ತಾನೇ ನಿಧಾನ ಆಗುತ್ತದೆ. ಅಂಟುವ ಟೈರ್ ಹಿಡಿದುಕೊಳ್ಳುತ್ತದೆ, ಆ ಭಾರ ಪೂರ್ತಿ ಎಂಜಿನ್, ವ್ಹೀಲ್ ಬೇರಿಂಗ್, ಬುಶ್‌ಗಳ ಮೇಲೆ. ಮೊದಲ ವರ್ಷವೇ ಸೆಮಿ ಸ್ಲಿಕ್ ಅನ್ನುವ ಅಂಟುವ ಟೈರ್ ಬೇಕು ಅನ್ನುವವರಿಗೆ ನಾನು ಬೇಡ ಅನ್ನುವುದು ಇದಕ್ಕೇ. ಆಯಿಲ್ ಲೆವೆಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಇರಲಿ, ಪ್ರತಿ ಸೆಷನ್ ಆದ ಮೇಲೆ ನೋಡಿ.

ಟರ್ಬೊ ಆಗುವುದಿಲ್ಲ ಅನ್ನುವುದು ಹಳೆಯ ಮಾತು. ಆಗುತ್ತದೆ. ಬಿಸಿ ಜಾಸ್ತಿ, ಅಷ್ಟೇ. ಒಳಗೆ ಹೋಗುವ ಗಾಳಿ ಬಿಸಿಯಾದರೆ ಎಂಜಿನ್ ಕಂಪ್ಯೂಟರ್ ತಾನಾಗಿ ಪವರ್ ಕಡಿಮೆ ಮಾಡುತ್ತದೆ. "ಮೂರು ಸುತ್ತು ಚೆನ್ನಾಗಿತ್ತು, ಆಮೇಲೆ ಪಿಕಪ್ ಸತ್ತಿತು" ಅಂತ ದೂರು ಬಂದರೆ ಹೆಚ್ಚಾಗಿ ಇದೇ ಕಾರಣ. ಕಾರು ತನ್ನ ಜೀವ ತಾನು ಉಳಿಸಿಕೊಳ್ಳುತ್ತಿದೆ ಅಂತ ತಿಳಿಯಿರಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ. ಹೆಚ್ಚಿನ ಕಾರುಗಳಲ್ಲಿ ಕೂಲೆಂಟ್ ಇಪ್ಪತ್ತು ಡಿಗ್ರಿ ಆಚೀಚೆ ಆದರೂ ಮುಳ್ಳು ನಡುವಿನಿಂದ ಅಲ್ಲಾಡದ ಹಾಗೆ ಮಾಡಿರುತ್ತಾರೆ, ಜನ ಗಾಬರಿ ಆಗಬಾರದು ಅಂತ. ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಓದಲು ಇರುವ ಸಾಕೆಟ್) ಸಿಕ್ಕಿಸುವ ಸಣ್ಣ ಬ್ಲೂಟೂತ್ ಯಂತ್ರ ತೆಗೆದುಕೊಳ್ಳಿ. ಫೋನಿನಲ್ಲೇ ಕೂಲೆಂಟ್ ಮತ್ತು ಗಾಳಿಯ ನಿಜವಾದ ಬಿಸಿ ಕಾಣುತ್ತದೆ.

ಕಡಿಮೆ ಓಡಿದ ಕಾರು ಒಳ್ಳೆಯದು ಅನ್ನುವುದನ್ನು ನಿಮ್ಮ ಗೆಳೆಯರು ಹೇಳಿಲ್ಲ, ಆದರೆ ಪತ್ರದಲ್ಲಿ 'ಬರೀ 28,000' ಅಂತ ನೀವೇ ಬರೆದಿದ್ದೀರಿ. ಹನ್ನೆರಡು ವರ್ಷದಲ್ಲಿ 28,000 ಅಂದರೆ ಆ ಕಾರು ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ ಅಲ್ವಾ? ರಬ್ಬರ್‌ಗೆ, ಪ್ಲಾಸ್ಟಿಕ್‌ಗೆ ಕಿಲೋಮೀಟರ್ ಗೊತ್ತಿಲ್ಲ, ವರ್ಷ ಮಾತ್ರ ಗೊತ್ತು. ಆ ಕಾಲದ ಎಷ್ಟೋ ಯುರೋಪಿಯನ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೂತಿರುವ ಗೂಡು, ಕೂಲೆಂಟ್ ಪೈಪಿನ ಜಾಯಿಂಟ್, ನೀರಿನ ಟ್ಯಾಂಕ್ ಎಲ್ಲ ಪ್ಲಾಸ್ಟಿಕ್. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ ಅದು ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಊರಿನಲ್ಲಿ ಓಡಿಸಿದರೆ ಇನ್ನೂ ಎರಡು ವರ್ಷ ಬರಬಹುದು. ಟ್ರ್ಯಾಕಿನಲ್ಲಿ ಮೊದಲ ದಿನವೇ ಚಟ್ ಅನ್ನುತ್ತದೆ. ಪಾರ್ಟ್ ಹೊರದೇಶದಿಂದ ಬರಬೇಕು, ಅದು ಬರುವವರೆಗೆ ಕಾರು ಕೊಯಮತ್ತೂರಿನ ಯಾವುದೋ ಶೆಡ್ಡಿನಲ್ಲಿ.

ಹಾಗಾಗಿ ನಿಮ್ಮ ಎರಡನೇ ಆಯ್ಕೆಯನ್ನು ಬಿಟ್ಟುಬಿಡಿ. ಕಾರು ಚೆಂದ, ಇಲ್ಲ ಅನ್ನುವುದಿಲ್ಲ. ಭಾನುವಾರ ಸಂಜೆ ಮಲ್ಪೆಯಿಂದ ಕಾಪುವಿಗೆ ಹೋಗಿ ಬರಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. 25 ಲಕ್ಷವನ್ನೂ ಕಾರಿಗೇ ಸುರಿದು, ಅದರ ಬ್ರೇಕ್ ಡಿಸ್ಕ್, ಟೈರ್, ಕೂಲಿಂಗ್ ಕೆಲಸಕ್ಕೆ ಹಣ ಇಲ್ಲದೆ ಕೂರುವುದು ಬೇಡ.

ಆಕ್ಟೇವಿಯಾ ವಿಆರ್‌ಎಸ್ 230 ಬೇರೆ ಮಾತು. 2 ಲೀಟರ್ ಟರ್ಬೊ, 230 ಕುದುರೆ, ನಾಲ್ಕೂ ಕಡೆ ಡಿಸ್ಕ್. ಅದರ 6 ಸ್ಪೀಡ್ ಡಿಎಸ್‌ಜಿಯ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್ ಬಾಕ್ಸ್) ಕ್ಲಚ್ ಆಯಿಲಿನಲ್ಲಿ ಮುಳುಗಿರುತ್ತದೆ, ಬಿಸಿ ತಡೆಯುತ್ತದೆ. ಅದರ ಆಯಿಲ್ ಮತ್ತು ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದ ಬಿಲ್ ಇದ್ದರೆ ಮಾತ್ರ ಮುಂದೆ ಹೋಗಿ. ಬಿಲ್ ಇಲ್ಲ, ಬಾಯಿಮಾತು ಅಂದರೆ ನಮಸ್ಕಾರ ಹೇಳಿ ಬನ್ನಿ. ಪವರ್ ಜಾಸ್ತಿ ಬರಲಿ ಅಂತ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿದ, ಅಂದರೆ ರೀಮ್ಯಾಪ್ ಮಾಡಿಸಿದ ಕಾರಾದರೂ ಅಷ್ಟೇ. ವಿಆರ್‌ಎಸ್ ಕೊಳ್ಳುವವರಲ್ಲಿ ರೀಮ್ಯಾಪ್ ಮಾಡಿಸುವವರು ಕಡಿಮೆಯೇನಲ್ಲ, ಮಾರುವಾಗ ಹಳೆಯದನ್ನೇ ವಾಪಸ್ ಹಾಕಿ ಮಾರುವವರೂ ಇದ್ದಾರೆ. ಈ ಕಾರಿನ ಅಪಾಯ ಎಂದರೆ ತೂಕ. 1,400 ಕೆ.ಜಿ. ದಾಟುತ್ತದೆ, ಎಲ್ಲ ಭಾರ ಮುಂದೆ, ಎಳೆಯುವುದೂ ಮುಂದಿನ ಚಕ್ರವೇ. ಎಡ ಮುಂದಿನ ಟೈರ್ ಒಂದೇ ದಿನದಲ್ಲಿ ಭುಜ (ಅಂಚಿನ ರಬ್ಬರ್) ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಒಂದು ಸೆಟ್ ಟೈರ್, ಒಂದು ಸೆಟ್ ಪ್ಯಾಡ್ ಒಂದು ವರ್ಷ ಬರುತ್ತದೆ ಅಂತ ಲೆಕ್ಕ ಹಾಕಿದ್ದರೆ ಆ ಲೆಕ್ಕ ಹರಿದುಹಾಕಿ.

ವರ್ಟಸ್ 1.5: 150 ಕುದುರೆ, ತೂಕ 1,250 ಕೆ.ಜಿ. ಆಸುಪಾಸು. ಹೊಸ ಕಾರು, ಮಂಗಳೂರಿನಲ್ಲೇ ಪಾರ್ಟ್ ಸಿಗುತ್ತದೆ. ಒಳ್ಳೆಯ ಆಯ್ಕೆ. ಆದರೆ ಎರಡು ಮಾತು. ಇದರ ಡಿಎಸ್‌ಜಿ 7 ಸ್ಪೀಡಿನದು, ಒಣ ಕ್ಲಚ್. ಟ್ರಾಫಿಕ್‌ಗೆ, ಹೈವೇಗೆ ಆರಾಮ. ಟ್ರ್ಯಾಕಿನ ಬಿಸಿಗೆ ನಾನು ಅದನ್ನು ಕೊಡುವುದಿಲ್ಲ. ಮ್ಯಾನುಯಲ್ ಗೇರಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹೊಸದರಲ್ಲಿ ಸಿಗದಿದ್ದರೆ ಒಂದೆರಡು ವರ್ಷ ಹಳೆಯ ಮ್ಯಾನುಯಲ್ ವರ್ಟಸ್ ಅಥವಾ ಅದೇ ಎಂಜಿನ್ ಇರುವ ಸ್ಕೋಡಾ ಸ್ಲಾವಿಯಾ ಹುಡುಕಿ. ಎರಡನೆಯದು, ಇವುಗಳಲ್ಲಿ ಹಿಂದಿನ ಚಕ್ರಕ್ಕೆ ಬಂದಿರುವುದು ಡ್ರಮ್ ಬ್ರೇಕ್. ಅದಕ್ಕೆ ಹೆದರಬೇಕಿಲ್ಲ, ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಡಿಸ್ಕ್. ಹಾಗಂತ ಮುಂದಿನದಕ್ಕೆ ಕಂಪನಿ ಪ್ಯಾಡ್ ಬಿಟ್ಟು ಹೆಚ್ಚು ಬಿಸಿ ತಡೆಯುವ ಪ್ಯಾಡ್ ಹಾಕಲೇಬೇಕು. ಪೂರ್ತಿ ರೇಸ್ ಪ್ಯಾಡ್ ಬೇಡ. ಅದು ಬಿಸಿಯಾಗುವವರೆಗೆ ಕಚ್ಚುವುದಿಲ್ಲ, ಆಫೀಸಿಗೆ ಹೋಗುವಾಗ ಕಲ್ಸಂಕ ಸಿಗ್ನಲ್‌ನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಕಿರುಚುತ್ತದೆ. ರಸ್ತೆಗೂ ಟ್ರ್ಯಾಕಿಗೂ ಆಗುವ ನಡುವಿನದು ಸಿಗುತ್ತದೆ.

ನಾಲ್ಕನೇ ದಾರಿಯೊಂದು ಇದೆ. ಹಳೆಯ ಹೋಂಡಾ ಸಿಟಿ ವಿಟೆಕ್ ಅಥವಾ ಹಳೆಯ ಪೋಲೋ ಒಂದನ್ನು ಟ್ರ್ಯಾಕಿಗಂತಲೇ ಕಟ್ಟಿ, ಲಾರಿಯಲ್ಲಿ ಹೇರಿಕೊಂಡು ಹೋಗುವುದು. ಕಂಬಳದ ಕೋಣವನ್ನು ಯಾರೂ ಉಳುವುದಕ್ಕೆ ಕಟ್ಟುವುದಿಲ್ಲವಲ್ಲ, ಹಾಗೆ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಸಾಕುತ್ತಾರೆ, ಕೆಲವು ಸೆಕೆಂಡಿನ ಓಟಕ್ಕೆ. ಆದರೆ ಕೋಣ ಸಾಕಲು ಕೊಟ್ಟಿಗೆ ಬೇಕು, ಆಳು ಬೇಕು. ನಿಮಗೆ ಸದ್ಯಕ್ಕೆ ಅದು ಬೇಡ. ಎರಡು ವರ್ಷ ಆದ ಮೇಲೂ ಹುಚ್ಚು ಇಳಿಯದಿದ್ದರೆ ಮಾತಾಡೋಣ.

ಹಾಗಾದರೆ ಯಾವುದು? ನನ್ನನ್ನು ಕೇಳಿದರೆ, ಈ ವರ್ಷ ಯಾವುದೂ ಬೇಡ. ನಿಮ್ಮ ಸ್ವಿಫ್ಟ್ ತೆಗೆದುಕೊಂಡು ಹೋಗಿ.

ನಗಬೇಡಿ. ಸ್ವಿಫ್ಟಿನ ತೂಕ 900 ಕೆ.ಜಿ. ಆಸುಪಾಸು. ಮೇಲೆ ಹೇಳಿದ ಬಿಸಿಯ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ವರ ಇಲ್ಲ. ಟರ್ಬೊ ಇಲ್ಲ, ಗೇರ್ ಕೈಯಲ್ಲಿ ಹಾಕುವುದು, ಪಾರ್ಟ್ ಪಾಲಕ್ಕಾಡಿನ ಗಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ. ಕರಿ ಟ್ರ್ಯಾಕಿನ ಉದ್ದ 2.1 ಕಿ.ಮೀ., ಇಕ್ಕಟ್ಟಿನ ತಿರುವುಗಳದು. 300 ಕುದುರೆಯ ಕಾರು ಅಲ್ಲಿ ಉಸಿರು ಬಿಡುವಷ್ಟರಲ್ಲಿ ಬ್ರೇಕ್ ಹಾಕಬೇಕು. ಅಂದ ಹಾಗೆ, ಆ ಟ್ರ್ಯಾಕಿಗೆ ಹೆಸರು ಬಂದದ್ದು ಕರಿವರ್ಧನ್ ಅವರಿಂದ. ಮಾರುತಿ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಅಂತ ರೇಸ್ ಕಾರು ಕಟ್ಟಿದವರು. ಆಮೇಲೆ ಭಾರತದಿಂದ ಮೊದಲು ಫಾರ್ಮುಲಾ ಒನ್‌ಗೆ ಹೋದ ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಅಂಥದ್ದೇ ಕಾರಿನಲ್ಲಿ. ಚೆನ್ನೈನ ಟ್ರ್ಯಾಕ್ 3.7 ಕಿ.ಮೀ. ಉದ್ದ, ಅಲ್ಲಿ ವೇಗದ ಉದ್ದ ತಿರುವುಗಳಿವೆ. ಅಲ್ಲಿ ಸ್ವಿಫ್ಟ್ ಸ್ವಲ್ಪ ಸಪ್ಪೆ ಅನ್ನಿಸಬಹುದು, ಸುಳ್ಳು ಹೇಳುವುದಿಲ್ಲ.

ಸ್ವಿಫ್ಟಿಗೆ ಮಾಡಬೇಕಾದ್ದು ಜಾಸ್ತಿ ಇಲ್ಲ. ಹೊಸ ಬ್ರೇಕ್ ಆಯಿಲ್, ಆಗುವುದಾದರೆ ಡಾಟ್ 5.1. ಅದು ಹೊಸದಿದ್ದಾಗ 260 ಡಿಗ್ರಿವರೆಗೆ ತಡೆಯುತ್ತದೆ, ನೀರು ಸೇರಿದ ಮೇಲೂ 180. ಡಾಟ್ 5 ಅನ್ನುವುದು ಬೇರೆಯೇ ಜಾತಿ, ಸಿಲಿಕೋನಿನದು, ಅಂಗಡಿಯವ ಅದನ್ನು ಕೊಟ್ಟರೆ ತರಬೇಡಿ. ಮುಂದಿನ ಪ್ಯಾಡ್ ಬದಲಿಸಿ. ಎಂಜಿನ್ ಆಯಿಲ್ ಹೊಸದು ಹಾಕಿ. ಕೂಲೆಂಟಿಗೆ ಬಾವಿ ನೀರು ಸೇರಿಸಿದ್ದರೆ ಪೂರ್ತಿ ತೆಗೆದು ಸರಿಯಾದ್ದು ಹಾಕಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, 2319 ಅಂದರೆ 2019ರ 23ನೇ ವಾರದ್ದು. ಕಂಪನಿಯಿಂದ ಬಂದ ಟೈರೇ ಇನ್ನೂ ಇದ್ದರೆ ಬದಲಿಸಿಯೇ ಹೋಗಿ. ಗಾಳಿ ಕಂಪನಿ ಹೇಳಿದಷ್ಟೇ ಹಾಕಿ ಟ್ರ್ಯಾಕಿಗೆ ಇಳಿದರೆ ನಾಲ್ಕೈದು ಸುತ್ತಿಗೆ ಐದಾರು ಪಿಎಸ್‌ಐ ಏರುತ್ತದೆ. ಒಳಗೆ ಬಂದ ಕೂಡಲೇ ಬಿಸಿ ಇರುವಾಗಲೇ ಅಳೆದು ಇಳಿಸಿ. ಸಂಜೆ ರಸ್ತೆಗೆ ಹೊರಡುವ ಮೊದಲು ಮತ್ತೆ ತುಂಬಿಸಲು ಮರೆಯಬೇಡಿ, ಇದನ್ನು ಮರೆತು ಹೊರಟವರನ್ನು ನೋಡಿದ್ದೇನೆ.

ಓಡಿಸುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲ ಸುತ್ತು ನಿಧಾನ. ನಾಲ್ಕೈದು ಸುತ್ತು ಗಟ್ಟಿ. ಕೊನೆಯ ಸುತ್ತಿನಲ್ಲಿ ಬ್ರೇಕ್ ಆದಷ್ಟು ಮುಟ್ಟದೆ ಗಾಳಿಗೆ ಆರಿಸಿಕೊಂಡು ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಕೆಂಪಗೆ ಕಾದ ಡಿಸ್ಕ್ ಆಗಲಿ ಡ್ರಮ್ ಆಗಲಿ, ಹಿಡಿದ ಜಾಗದಲ್ಲೇ ಅಂಟಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಒಂದು ಕಲ್ಲು ಕೊಡಿ. ಬೋನೆಟ್ ಎತ್ತಿಡಿ. ಪೆಡಲ್ ಒಂದು ಬೆರಳಿನಷ್ಟು ಒಳಗೆ ಹೋದ ಹಾಗೆ ಅನ್ನಿಸಿದರೂ ಆ ಸೆಷನ್ ಅಲ್ಲಿಗೆ ಸಾಕು. ಇನ್ನೊಂದು ಸುತ್ತು ಅನ್ನಬೇಡಿ. ನಮ್ಮ ಗಿರಾಕಿ ಜಲ್ಲಿಗೆ ಹೋದದ್ದು ಆ ಇನ್ನೊಂದು ಸುತ್ತಿನಲ್ಲಿ.

ಹೀಗೆ ಎರಡು ಮೂರು ಸಲ ಹೋಗಿ ಬಂದರೆ ನಿಮಗೇ ಗೊತ್ತಾಗುತ್ತದೆ, ನಿಮಗೆ ಬೇಕಾದ್ದು ಪವರ್ ಹೌದೋ, ಬ್ರೇಕೋ, ಅಥವಾ ಸುಮ್ನೆ ಚೆಂದದ ಕಾರೋ. ಆಮೇಲೆ ಮ್ಯಾನುಯಲ್ 1.5 ಸೆಡಾನ್‌ಗೆ ಹೋಗಿ, ಅದು ನನ್ನ ಆಯ್ಕೆ. ಆಗಲೂ 25ರಲ್ಲಿ ಐದು ಲಕ್ಷ ಮುಟ್ಟದೆ ತೆಗೆದಿಡಿ. ಟೈರ್, ಪ್ಯಾಡ್, ಎಂಟ್ರಿ ಫೀಸ್, ಹೆಲ್ಮೆಟ್, ಪೆಟ್ರೋಲ್ ಎಲ್ಲ ಅದರಿಂದಲೇ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಲಿಲ್ಲ, ಕೇಳಬೇಕಿತ್ತು. ನಿಮ್ಮ ಪಾಲಿಸಿ ಕಾಗದ ತೆಗೆದು ಗಾಡಿಯ ಬಳಕೆಗೆ ಮಿತಿ ಹೇಳುವ ಭಾಗ ಓದಿ. ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವುಗಳಿಗೆ ಕವರ್ ಇಲ್ಲ ಅಂತ ಇರುತ್ತದೆ. 'ಇದು ರೇಸ್ ಅಲ್ಲ, ಟ್ರ್ಯಾಕ್ ಡೇ' ಅಂತ ವಾದ ಮಾಡಬಹುದು, ಆದರೆ ಗೋಡೆಗೆ ಗುದ್ದಿದ ಕಾರು ಇಟ್ಟುಕೊಂಡು ವಾದ ಮಾಡುವ ಪರಿಸ್ಥಿತಿ ಬೇಡ. ಟ್ರ್ಯಾಕಿನಲ್ಲಿ ಆದದ್ದು ನಿಮ್ಮ ಕಿಸೆಯಿಂದ ಅಂತಲೇ ತಿಳಿದು ಹೋಗಿ. ಹೊಸ ಕಾರಿನ ವಾರಂಟಿಯೂ ಮೋಟಾರ್ ಸ್ಪೋರ್ಟ್ಸ್ ಬಳಕೆಗೆ ಬರುವುದಿಲ್ಲ. ಹಾಗೆ ನೋಡಿದರೆ ಹೊಸ ವರ್ಟಸ್‌ಗಿಂತ ಒಂದೆರಡು ವರ್ಷ ಹಳೆಯದೇ ಮೇಲು ಅನ್ನಬಹುದು. ಗುದ್ದಿ ಹೋದರೆ ಎಷ್ಟು ಕಳೆದುಕೊಂಡರೂ ರಾತ್ರಿ ನಿದ್ದೆ ಬರುತ್ತದೋ, ಅಷ್ಟೇ ಬೆಲೆಯ ಕಾರು ಇಳಿಸಿ.

ವಾಪಸ್ ಬರುವ ಮಾತು. ಓಡಿಸಿಕೊಂಡು ಹೋಗಿ ಬರಬಹುದು, ನಮ್ಮ ಗಿರಾಕಿಗಳು ಹೋಗಿ ಬರುತ್ತಾರೆ. ಡಿಕ್ಕಿಯಲ್ಲಿ ಒಂದು ಸೆಟ್ ಹಳೆಯ ಪ್ಯಾಡ್, ಒಂದು ಬಾಟಲಿ ಬ್ರೇಕ್ ಆಯಿಲ್, ಒಂದು ಲೀಟರ್ ಎಂಜಿನ್ ಆಯಿಲ್, ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿ ಅಂತ ತೋರಿಸುವ ಸ್ಪ್ಯಾನರ್), ಗಾಳಿ ಅಳೆಯುವ ಗೇಜ್ ಇರಲಿ. ಚಕ್ರದ ನಟ್ ಬಿಸಿಗೆ ಸಡಿಲ ಆಗಬಹುದು, ಆರಿದ ಮೇಲೆ ಕಂಪನಿ ಹೇಳಿದ ಟಾರ್ಕಿಗೆ ಬಿಗಿ ಮಾಡಿಯೇ ಗೇಟು ದಾಟಿ. ಅದೇ ಸಂಜೆ ಮಾತ್ರ ಹೊರಡಬೇಡಿ. ದಿನವಿಡೀ ಬಿಸಿಲಿನಲ್ಲಿ ಓಡಿಸಿ, ಕಣ್ಣು ಉರಿಯುತ್ತಿರುವಾಗ ರಾತ್ರಿ ಎನ್‌ಎಚ್ 66ರಲ್ಲಿ ಲಾರಿಗಳ ಮಧ್ಯೆ ಬರುವುದು ಟ್ರ್ಯಾಕಿಗಿಂತ ಅಪಾಯ. ಕೊಯಮತ್ತೂರಿನಲ್ಲಿ ರೂಮು ಮಾಡಿ, ಬೆಳಿಗ್ಗೆ ಇಡ್ಲಿ ತಿಂದು ಹೊರಡಿ.

ಕೊನೆಗೆ ಮಲ್ಪೆಯ ಉಪ್ಪು ಗಾಳಿ. ನಿಮ್ಮ ಮೂರೂ ಕಾರಿಗೆ ದೊಡ್ಡ ಶತ್ರು ಅದು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕೆಎ 19 (ಮಂಗಳೂರು), ಕೆಎ 20 (ಉಡುಪಿ) ನಂಬರ್ ಇದ್ದರೆ ಬಂಪರ್ ಸಂದಿಯಿಂದ ಟಾರ್ಚ್ ಬಿಟ್ಟು ರೇಡಿಯೇಟರ್ ನೋಡಿ. ಬೆರಳು ತಾಗಿದರೆ ಸಾಕು, ಅಲ್ಯೂಮಿನಿಯಂ ರೆಕ್ಕೆಗಳು ಬೂದಿಯ ಹಾಗೆ ಉದುರುವುದುಂಟು. ಆ ರೇಡಿಯೇಟರ್ ಊರಿನಲ್ಲಿ ನಡೆಯುತ್ತದೆ, ಟ್ರ್ಯಾಕಿನಲ್ಲಿ ನಡೆಯುವುದಿಲ್ಲ. ಆಮೇಲೆ ಚಕ್ರ ಬಿಚ್ಚಿಸಿ ಕ್ಯಾಲಿಪರ್ ಕೈಯಲ್ಲಿ ಆಚೀಚೆ ಜಗ್ಗಿ. ಅದು ಪಿನ್ನಿನ ಮೇಲೆ ನುಣ್ಣಗೆ ಜಾರಬೇಕು. ತುಕ್ಕಿಗೆ ಹಿಡಿದುಕೊಂಡಿದ್ದರೆ ಒಳಗಿನ ಪ್ಯಾಡ್ ಸವೆದು ಹೊರಗಿನದು ಹೊಸದರ ಹಾಗೆ ಕಾಣುತ್ತದೆ. ನಿಮ್ಮ ಸ್ವಿಫ್ಟಿನಲ್ಲೂ ಮೊದಲು ನೋಡಬೇಕಾದ್ದು ಇದನ್ನೇ. ಒಂದು ಶನಿವಾರ ಬೆಳಿಗ್ಗೆ ತನ್ನಿ, ಚಕ್ರ ಬಿಚ್ಚಿ ನೋಡೋಣ. ಅಪ್ಪನನ್ನೂ ಕರೆದುಕೊಂಡು ಬನ್ನಿ, ಆ ಕಷಾಯದ ಬಾಟಲಿ ಇನ್ನೂ ನಮ್ಮ ಶೆಲ್ಫಿನಲ್ಲಿ ಇದೆ, ತೋರಿಸುತ್ತೇನೆ.